ಮಾಟುಂಗಾ ಹೋಟೆಲ್ ಸೀನು, ಹಿಂದೆ ಹಳೇ ಹಾಡು: ಯಾರನ್ನು ಕೇಳಬೇಕು?

[ದೃಶ್ಯ: ಮಾಟುಂಗಾದ ಉಡುಪಿ ಹೋಟೆಲು. ಗಲ್ಲಾ ಪಕ್ಕ ರೇಡಿಯೋ.]

ನಮಸ್ಕಾರ. ಮುಂಬೈ ಕನ್ನಡಿಗರ ಕಿರುಚಿತ್ರ ಅಂದಮೇಲೆ ಮಾಟುಂಗಾದ್ದೊಂದು ಹೋಟೆಲ್ ಸೀನು ಬೇಕೇ ಬೇಕಲ್ಲ! ಹೀರೋ ಕಾಫಿ ಕುಡೀತಾನೆ, ಹಿಂದೆ ಹಳೇ ಹಾಡು. "ಹತ್ತು ಸೆಕೆಂಡ್ ತಾನೇ, ನಡೀತದೆ ಬಿಡಿ ಮಾರಾಯ್ರೇ" ಅಂತಾರೆ ಎಡಿಟರ್.

ಇಷ್ಟು ಸೆಕೆಂಡಿನವರೆಗೆ ಮಾಫಿ ಅನ್ನೋ ಲೆಕ್ಕ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ವಿಮರ್ಶೆಗೆ, ಸುದ್ದಿ ವರದಿಗೆ 52ನೇ ಸೆಕ್ಷನ್ ವಿನಾಯಿತಿ ಕೊಡ್ತದೆ. ನಿಮ್ಮ ಸಾಕ್ಷ್ಯಚಿತ್ರ ಆ ಹಾಡನ್ನೇ ವಿಮರ್ಶೆ ಮಾಡ್ತಿದ್ರೆ ವಾದಕ್ಕೆ ಜಾಗ ಉಂಟು. ಹೀರೋ ದುಃಖಕ್ಕೆ ಹಿನ್ನೆಲೆಯಾಗಿ ಹಾಕಿದ್ರೆ ಅದು ಒದಗೋದಿಲ್ಲ.

[ದೃಶ್ಯ: ಹೋಟೆಲ್ ಗೋಡೆಯ ಪೇಂಟಿಂಗ್]

ಮಜಾ ಏನು ಗೊತ್ತಾ? ಹಿನ್ನೆಲೆಯಲ್ಲಿ ಸುಮ್ನೆ ಕಾಣೋ ಈ ಪೇಂಟಿಂಗಿಗೆ ಅದೇ ಸೆಕ್ಷನ್ ರಕ್ಷಣೆ ಕೊಡ್ತದೆ. ಆದ್ರೆ ಅದು ಚಿತ್ರ, ಶಿಲ್ಪದಂಥ ಕಲಾಕೃತಿಗೆ ಮಾತ್ರ. ರೇಡಿಯೋ ಹಾಡು ಅದರೊಳಗೆ ಬರೋದಿಲ್ಲ. ತೀರಾ ಕ್ಷುಲ್ಲಕ ಬಳಕೆಯನ್ನು ಉಲ್ಲಂಘನೆ ಅನ್ನಬೇಕಿಲ್ಲ ಅಂತ 2012ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಉಂಟು. ಆದ್ರೆ ಆ ಮಾತು ಸಿಕ್ಕಿದ್ದು ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ! ಶೂಟಿಂಗ್ ವೇಳೆ ರೇಡಿಯೋ ಆಫ್ ಮಾಡಿಸಿ.

ಹಾಡು ಬೇಕೇ ಬೇಕು ಅಂದ್ರೆ? ಒಂದೇ ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಅಂತ ಮೂರು ಹಕ್ಕು. ಪುರಂದರದಾಸರ ಪದದ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಅದನ್ನೇ 1975ರಲ್ಲಿ ಯಾರೋ ಹಾಡಿ ಹೊರತಂದ ರೆಕಾರ್ಡಿಗೆ 2035ರ ಕೊನೆವರೆಗೂ ಹಕ್ಕು ಇರ್ತದೆ. ಹೊಸಬರ ಹತ್ರ ಹಾಡಿಸಿದ್ರೂ, ಆ ಧಾಟಿ ಈಚಿನ ಸಂಗೀತಗಾರರದ್ದಾ ಅಂತ ನೋಡಿ. ಕವಿಗಳ ಬರಹಕ್ಕೆ ಅವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು: 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಸಾಲು ಧಾರಾಳವಾಗಿ ಬಳಸಿ, 1981ರಲ್ಲಿ ಅಗಲಿದ ಬೇಂದ್ರೆಯವರದ್ದಕ್ಕೆ 2041 ಮುಗಿಯೋವರೆಗೂ ಕೇಳಲೇಬೇಕು.

[ದೃಶ್ಯ: ಪುಣೆ, ಫಿಲ್ಮ್ ಆರ್ಕೈವ್ ಗೇಟು]

ಹಳೇ ಸಿನಿಮಾ ತುಣುಕಿಗೆ ಪುಣೆಯ ಆರ್ಕೈವ್ ಕಡೆ ಓಡೋರು ಇದನ್ನ ಕೇಳಿ. ಪ್ರಿಂಟ್ ಅಲ್ಲಿದ್ದ ಮಾತ್ರಕ್ಕೆ ಹಕ್ಕೂ ಅಲ್ಲೇ ಇರ್ತದೆ ಅಂತಿಲ್ಲ. ಹಕ್ಕಿನ ಅವಧಿ ಮುಗಿಯದ ಚಿತ್ರವಾದ್ರೆ ನಿರ್ಮಾಪಕರನ್ನೋ ಅವರ ವಾರಸುದಾರರನ್ನೋ ಹುಡುಕಬೇಕು.

ಇನ್ನು "ಫ್ರೀ ಮ್ಯೂಸಿಕ್". ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ (ಇಂಥಿಂಥ ಷರತ್ತಿಗೆ ಒಪ್ಪಿ ಯಾರು ಬೇಕಾದ್ರೂ ಬಳಸಿ ಅಂತ ಹಕ್ಕುದಾರರು ಮೊದಲೇ ಕೊಡೋ ಅನುಮತಿ) "ಎನ್‌ಡಿ" (ಅಂದ್ರೆ ರೂಪಾಂತರಿಸಿ ಹಂಚೋ ಹಾಗಿಲ್ಲ) ಅಂತ ಇದ್ರೆ ಬಿಟ್ಬಿಡಿ. ದೃಶ್ಯಕ್ಕೆ ಸಂಗೀತ ಜೋಡಿಸೋದೂ ಅಲ್ಲಿ ರೂಪಾಂತರ ಅಂತಲೇ ಲೆಕ್ಕ.

ಅನುಮತಿ ಸಿಕ್ತಾ? ವಾಟ್ಸಾಪಿನ ಹೆಬ್ಬೆರಳು ನಂಬಬೇಡಿ, ಸಹಿ ಹಾಕಿಸಿಕೊಳ್ಳಿ. ಅವಧಿ ಬರೆಯದಿದ್ರೆ ಕಾಯ್ದೆ ಅದನ್ನು ಐದೇ ವರ್ಷ ಅಂತ ಹಿಡೀತದೆ, ಪ್ರದೇಶ ಬರೆಯದಿದ್ರೆ ಭಾರತ ಮಾತ್ರ. ಗೋವಾದ ಚಿತ್ರೋತ್ಸವಕ್ಕೆ ಅಷ್ಟು ಸಾಕು. ಒಟಿಟಿಯವರು ಹೊರದೇಶಕ್ಕೂ ಬೇಕು ಅಂದಾಗ ಹಕ್ಕುದಾರರ ಬಾಗಿಲಿಗೆ ಮತ್ತೆ ಹೋಗಬೇಕು. ಆಗ ರೇಟು ಅವರು ಹೇಳಿದ್ದೇ.