ಮನೆಯೇ ಕಾರ್ಯಾಗಾರವಾಗಿದ್ದ ಬದುಕು: ಅಂಟೋನಿಯೊ ಸ್ಟ್ರಾಡಿವಾರಿ

[ದೃಶ್ಯ: ಪಿಟೀಲಿನ ಒಡಲೊಳಗೆ ಅಂಟಿಸಿದ ಹಳೆಯ ಚೀಟಿ]

ನಮಸ್ಕಾರ. ಪಿಟೀಲಿನ ಮೇಲ್ಹಲಗೆಯಲ್ಲಿ ಕೊರೆದಿರುವ ಎರಡು ಸೀಳುಗಳಲ್ಲಿ ಎಡಗಡೆಯದರೊಳಗೆ ಇಣುಕಿದರೆ, ಸಾಮಾನ್ಯವಾಗಿ ಅದನ್ನು ಮಾಡಿದವರ ಹೆಸರಿನ ಚೀಟಿ ಕಾಣುತ್ತದೆ. ಇಟಲಿಯ ಕ್ರೆಮೋನಾ ಪಟ್ಟಣದ ಹೆಸರಾಂತ ಪಿಟೀಲು ತಯಾರಕ ಅಂಟೋನಿಯೊ ಸ್ಟ್ರಾಡಿವಾರಿಯವರು 1736ರಲ್ಲಿ ಅಂಟಿಸಿದ ಚೀಟಿಯಲ್ಲಿ ಹೆಸರು ಮತ್ತು ಇಸವಿಯ ಜೊತೆಗೆ ಇನ್ನೊಂದು ವಿವರವೂ ಇದೆ: ಅವರ ವಯಸ್ಸು, 92. ಅವರ ಜನನದ ದಾಖಲೆ ಸಿಕ್ಕಿಲ್ಲ. ಅವರು ಹುಟ್ಟಿದ್ದು 1644ರ ಸುಮಾರಿಗೆ ಎಂದು ಲೆಕ್ಕ ಹಾಕಲು ಇಂಥ ಚೀಟಿಗಳೇ ಮುಖ್ಯ ಆಧಾರ. ತೊಂಬತ್ತು ದಾಟಿದ ಮೇಲೂ ಉಳಿ ಕೆಳಗಿಡದ ಆ ಹಿರಿಯರು ತಮ್ಮ ವಯಸ್ಸನ್ನು ಅಲ್ಲಿ ನಮೂದಿಸಿದ್ದು ಅಭಿಮಾನದಿಂದಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

[ದೃಶ್ಯ: ಕ್ರೆಮೋನಾ ನಗರದ ಹಳೆಯ ನಕ್ಷೆ]

ಅವರ ಹೆಸರು ಬಂದಾಗಲೆಲ್ಲ, ಅವರ ಪಿಟೀಲುಗಳ ನಾದಕ್ಕೆ ಮರದ ಮೇಲೆ ಹಚ್ಚಿದ ವಾರ್ನಿಶ್‌ನಲ್ಲಿ ಅಡಗಿದ ಗುಟ್ಟೇ ಕಾರಣ ಎಂಬ ಮಾತು ಬರುತ್ತದೆ. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರ ಐದು ವಾದ್ಯಗಳ ಲೇಪವನ್ನು ಪರೀಕ್ಷಿಸಿದಾಗ ಕಂಡದ್ದು ಎಣ್ಣೆ, ಪೈನ್ ಮರದ ರಾಳ ಮತ್ತು ಬಣ್ಣ, ಅಂದರೆ ಆ ಕಾಲದ ಕುಶಲಕರ್ಮಿಗಳೆಲ್ಲರಿಗೂ ಪರಿಚಿತವಾಗಿದ್ದ ಸಾಮಗ್ರಿಗಳೇ. ಆದ್ದರಿಂದ ನಾವು ಹುಡುಕಬೇಕಾದದ್ದು ಶೀಶೆಯಲ್ಲಿ ಅಡಗಿದ ಗುಟ್ಟನ್ನಲ್ಲ. ಸುಮಾರು ಎಪ್ಪತ್ತು ವರ್ಷ ಒಂದೇ ಊರಿನಲ್ಲಿ, ಸಂಸಾರದ ಸದ್ದುಗದ್ದಲದ ನಡುವೆ ನಡೆದ ದುಡಿಮೆಯನ್ನು.

1667ರಲ್ಲಿ ಅವರು ಫ್ರಾನ್ಚೆಸ್ಕಾ ಎಂಬ ವಿಧವೆಯನ್ನು ಮದುವೆಯಾದರು. 1680ರಲ್ಲಿ ಸ್ಯಾನ್ ಡೊಮೆನಿಕೊ ಚರ್ಚಿನ ಎದುರು ಮನೆ ಕೊಂಡರು. ಸಂಸಾರ ನಡೆದದ್ದೂ ಕೆಲಸ ನಡೆದದ್ದೂ ಅದೇ ಸೂರಿನಡಿ. 1698ರಲ್ಲಿ ಫ್ರಾನ್ಚೆಸ್ಕಾ ತೀರಿಕೊಂಡರು. ಮರುವರ್ಷ ಆಂಟೋನಿಯಾ ಜಾಂಬೆಲ್ಲಿ ಅವರೊಡನೆ ಎರಡನೆಯ ಮದುವೆಯಾಯಿತು. ಎರಡೂ ಮದುವೆಗಳಿಂದ ಒಟ್ಟು ಹನ್ನೊಂದು ಮಕ್ಕಳು ಹುಟ್ಟಿದರು. ಕೆಲವರನ್ನು ಹಸುಗೂಸುಗಳಾಗಿದ್ದಾಗಲೇ ಕಳೆದುಕೊಂಡರು. ಹಿರಿಯ ಮಕ್ಕಳಾದ ಫ್ರಾನ್ಚೆಸ್ಕೊ ಮತ್ತು ಒಮೊಬೊನೊ ಅಪ್ಪನ ಪಕ್ಕದಲ್ಲೇ ಕುಳಿತು ಕೆಲಸ ಕಲಿತರು.

[ದೃಶ್ಯ: ಪಿಟೀಲಿನ ಅಂಚು, ತೀರಾ ಹತ್ತಿರದಿಂದ]

ಈಗ ಈ ಅಂಚನ್ನು ನಿಧಾನವಾಗಿ ನೋಡಿ. ಹಲಗೆಯ ಸುತ್ತ ಕಾಣುವ ಗೆರೆಯನ್ನು ಬಣ್ಣದಿಂದ ಎಳೆದಿಲ್ಲ. ಅಲ್ಲಿ ಸಣ್ಣ ಕಾಲುವೆಯೊಂದನ್ನು ಕೊರೆದು, ಕಪ್ಪು, ಬಿಳಿ, ಕಪ್ಪು ಎಂಬ ಕ್ರಮದಲ್ಲಿ ಮೂರು ತೆಳುವಾದ ಮರದ ಎಳೆಗಳನ್ನು ಅದರೊಳಗೆ ಕೂರಿಸಲಾಗಿದೆ. ಅಂಚಿನಲ್ಲಿ ಬಿರುಕು ಬಿಟ್ಟರೆ ಅದು ಹಲಗೆಯ ಒಳಭಾಗಕ್ಕೆ ಹರಿಯದಂತೆ ಈ ಪಟ್ಟಿ ತಡೆಯುತ್ತದೆ. ಎರಡು ಗೆರೆಗಳು ಸೇರುವ ಮೂಲೆಯಲ್ಲಿ ಕಪ್ಪು ಎಳೆಯ ತುದಿ ಜೇನುನೊಣದ ಮುಳ್ಳಿನಂತೆ ಚೂಪಾಗುತ್ತದೆ. ಅಷ್ಟು ಸಣ್ಣ ತುದಿಯನ್ನು ಯಾರೂ ಗಮನಿಸದೇ ಹೋಗಬಹುದಾಗಿತ್ತು. ಅದನ್ನೂ ಅವರು ಅಂದವಾಗಿಯೇ ಮುಗಿಸಿದರು. ನನ್ನ ಮಟ್ಟಿಗೆ ಕುಶಲಕರ್ಮಿ ಮತ್ತು ಕಲಾವಿದ ಇಬ್ಬರೂ ಒಂದೇ ಕೈಯಲ್ಲಿ ಕಾಣಿಸುವುದು ಇಲ್ಲಿಯೇ.

ಮೇಲ್ಹಲಗೆಗೆ ಸ್ಪ್ರೂಸ್ ಮರ, ಬೆನ್ನಿಗೆ ಮೇಪಲ್ ಮರ. ಮೇಲ್ಹಲಗೆಯನ್ನು ಎರಡೂವರೆ ಮೂರು ಮಿಲಿಮೀಟರಿನಷ್ಟು ತೆಳುವಾಗುವವರೆಗೆ ಕೆತ್ತಬೇಕು. ಆದರೂ ಬಿಗಿದ ತಂತಿಗಳ ಒತ್ತಡವನ್ನು ಅದು ಶತಮಾನಗಟ್ಟಲೆ ತಾಳಿಕೊಳ್ಳಬೇಕು. ಹೀಗೆ ಅವರ ಕಾರ್ಯಾಗಾರದಿಂದ ಸುಮಾರು 1,100 ವಾದ್ಯಗಳು ಹೊರಬಂದವೆಂದೂ, ಅವುಗಳಲ್ಲಿ 650ರಷ್ಟು ಇಂದಿಗೂ ಉಳಿದಿವೆಯೆಂದೂ ಅಂದಾಜಿದೆ.

[ದೃಶ್ಯ: ಹಳೆಯ ಕಾಗದ, ಮಸಿಯ ಬರಹ]

ಹೆಸರು ಬಂದ ಮೇಲೂ ಅವರು ಗಿರಾಕಿಗೆ ಸಮಜಾಯಿಷಿ ಹೇಳುತ್ತಿದ್ದ ಕೆಲಸಗಾರರೇ ಆಗಿದ್ದರು. 1708ರ ಒಂದು ಪತ್ರದಲ್ಲಿ, ಪಿಟೀಲು ತಡವಾದದ್ದಕ್ಕೆ ಕ್ಷಮೆ ಕೇಳಿ, ಬಿರುಕುಗಳು ಬಿಸಿಲಿಗೆ ಮತ್ತೆ ಬಾಯಿ ಬಿಡದಂತೆ ವಾರ್ನಿಶ್ ಹಚ್ಚಬೇಕಾಯಿತೆಂದು ಕಾರಣ ಕೊಡುತ್ತಾರೆ. 1729ರ ಉಯಿಲಿನಲ್ಲಿ ಕಾಣುವುದು ಬೇರೆಯೇ ಮುಖ: ಹಿಂದೊಮ್ಮೆ ಮನೆ ಬಿಟ್ಟು ನೇಪಲ್ಸ್‌ಗೆ ಹೋಗಿದ್ದ ಒಮೊಬೊನೊಗಾಗಿ ಮಾಡಿದ ಖರ್ಚನ್ನು ತಂದೆ ಮರೆಯದೆ ಲೆಕ್ಕಕ್ಕೆ ಹಿಡಿದಿದ್ದಾರೆ. ಅದನ್ನು ಜಿಪುಣತನವೆನ್ನಲು ನನಗೆ ಮನಸ್ಸಾಗುವುದಿಲ್ಲ. ಮಗ ಪಕ್ಕದಲ್ಲಿ ಇಲ್ಲದಿದ್ದ ದಿನಗಳು ಆ ತಂದೆಯನ್ನು ಬಹಳ ಕಾಲ ನೋಯಿಸಿರಬೇಕು.

1737ರ ಮಾರ್ಚ್‌ನಲ್ಲಿ ಆಂಟೋನಿಯಾ ತೀರಿಕೊಂಡರು. ಅದೇ ಡಿಸೆಂಬರ್ 18ರಂದು ಅಂಟೋನಿಯೊ ಕೂಡ ಹೋದರು. ಅವರನ್ನು ಮನೆಯೆದುರಿನ ಚರ್ಚಿನಲ್ಲೇ ಸಮಾಧಿ ಮಾಡಲಾಯಿತು; 1869ರಲ್ಲಿ ಆ ಚರ್ಚನ್ನೂ ಕೆಡವಿದರು. ಜೊತೆಗೆ ದುಡಿದ ಇಬ್ಬರು ಮಕ್ಕಳೂ ಆರೇಳು ವರ್ಷಗಳೊಳಗೆ ತೀರಿಕೊಂಡದ್ದರಿಂದ ಮನೆಯ ಕಸುಬು ಅಲ್ಲಿಗೇ ನಿಂತಿತು.

[ದೃಶ್ಯ: ವಾಲ್‌ನಟ್ ಮರದ ಅಚ್ಚುಗಳು]

ಬಟ್ಟೆ ವ್ಯಾಪಾರಿಯಾಗಿದ್ದ ಕಿರಿಯ ಮಗ ಪಾವೊಲೊ, ಪಿಟೀಲಿನ ಒಡಲಿಗೆ ಆಕಾರ ಕೊಡುವ ಈ ಅಚ್ಚುಗಳೂ ಸೇರಿದಂತೆ ಅಪ್ಪನ ಸಲಕರಣೆಗಳನ್ನು 1770ರ ದಶಕದಲ್ಲಿ ಕೋಜಿಯೊ ಎಂಬ ಸಂಗ್ರಾಹಕರಿಗೆ ಮಾರಿದರು. ಕೈಯಿಂದ ಕೈಗೆ ದಾಟಿದ ಆ ಅಚ್ಚುಗಳಲ್ಲಿ ಹಲವು ಈಗ ಕ್ರೆಮೋನಾದ ಪಿಟೀಲು ವಸ್ತುಸಂಗ್ರಹಾಲಯದಲ್ಲಿವೆ. ಯಾವ ಅಚ್ಚು ಯಾವ ಮಾದರಿಗೆ ಎಂದು ತಿಳಿಯಲು ಅವುಗಳ ಮೇಲೆ ಹಾಕಿಕೊಂಡ ಅಕ್ಷರಗಳ ಗುರುತು ಇಂದಿಗೂ ಓದಲು ಬರುತ್ತದೆ.