ನಾಲಿಗೆಯನ್ನ ಮುಂದಕ್ಕೆ ಹಿಡ್ಕೊಂಡಿರೋ ಸ್ನಾಯು

ಎಲ್ರಿಗೂ ನಮಸ್ಕಾರ. ನಾಲಿಗೆಗೆ ಎಲುಬಿಲ್ಲ ಅಂತ ನಮ್ಮಲ್ಲೊಂದು ಮಾತಿದೆ, ಬಾಯಿಗೆ ಬಂದಂಗೆ ಮಾತಾಡೋರಿಗೆ ಹೇಳೋದು. ಅನಾಟಮಿ ಲೆಕ್ಕದಲ್ಲೂ ಅದು ನಿಜಾನೇ, ಒಳಗೆ ಒಂದು ಚೂರೂ ಮೂಳೆ ಇಲ್ಲ, ಆದ್ರೆ ಅದು ಮೂಳೆಗೆ ಗಟ್ಟಿಯಾಗಿ ಕಚ್ಕೊಂಡಿದೆ, ಆ ಹಿಡಿತ ಸಡಿಲ ಆದ್ರೆ ಉಸಿರಿಗೇ ಸಂಚಕಾರ. ಹಂಗೆ ಹಿಡ್ಕೊಂಡಿರೋ ಸ್ನಾಯುವಿನ ಹೆಸರು ಜೀನಿಯೋಗ್ಲಾಸಸ್. ಗದ್ದ, ನಾಲಿಗೆ ಅನ್ನೋ ಎರಡು ಗ್ರೀಕ್ ಪದ ಸೇರಿಸಿ ಇಟ್ಟ ಹೆಸರು.

ನಾಲಿಗೇಲಿ ಒಂದೊಂದು ಪಕ್ಕಕ್ಕೆ ಎಂಟು ಸ್ನಾಯು ಇದಾವೆ. ನಾಲ್ಕು ಒಳಗೇ ಹುಟ್ಟಿ ಒಳಗೇ ಮುಗಿಯುತ್ವೆ, ನಾವು ಟ, ಣ, ಳ ಅನ್ನುವಾಗ ತುದಿ ಮೇಲಕ್ಕೆ ಮಡಚೋದ್ರಲ್ಲಿ ಅವುಗಳದ್ದೇ ದೊಡ್ಡ ಪಾಲು. ಇನ್ನು ನಾಲ್ಕು ಹೊರಗಿನಿಂದ ಬರೋವು, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಇದು.

ನಾನು ಡಿಸೆಕ್ಷನ್ ಹಾಲ್‌ನಲ್ಲಿ ಮೊದಲನೇ ಸಲ ತಲೆಯನ್ನ ನಡುಮಧ್ಯ ಸೀಳಿದ ಸ್ಪೆಸಿಮನ್ ನೋಡಿದಾಗ ಇದನ್ನ ಯಾರೂ ತೋರಿಸ್ಬೇಕಾಗೇ ಇರ್ಲಿಲ್ಲ, ಬಿಚ್ಚಿದ ಬೀಸಣಿಗೆ ತರ ಕಾಣ್ತಿತ್ತು. ಬೀಸಣಿಗೆಯ ಹಿಡಿ ಎಲ್ಲಿ ಅಂದ್ರೆ ಕೆಳದವಡೆಯ ಒಳಗೋಡೆ, ಮುಂಬಲ್ಲುಗಳ ಹಿಂದೆ ಒಸಡಿಗಿಂತ ಇನ್ನೂ ಕೆಳಗೆ ಒಂದು ಸಣ್ಣ ಮೂಳೆಗುಬ್ಬಿ ಇರುತ್ತೆ, ಅಲ್ಲಿಂದ ಎಳೆಗಳು ಹರಡ್ಕೊಂಡು ನಾಲಿಗೆ ಉದ್ದಕ್ಕೂ ಹೋಗ್ತವೆ, ಕೆಳಗಿನ ಕೆಲವು ಎಳೆ ಗಂಟಲಿನ ಹೈಯಾಯ್ಡ್ ಮೂಳೆವರೆಗೂ. ಮುಂದಿನ ಎಳೆಗಳು ತುದಿಯನ್ನ ಕೆಳಗೆ ಎಳೀತವೆ, ನಡುವಿನವು ನಾಲಿಗೆಯನ್ನ ದೊನ್ನೆ ತರ ಗುಳಿ ಮಾಡ್ತವೆ, ಹಿಂದಿನವು ಬುಡಾನ ಮುಂದಕ್ಕೆ ಎಳೀತವೆ. ಬುಡ ಮುಂದೆ ಬಂದ್ರೆ ತುದಿ ಬಾಯಿಂದ ಆಚೆ ಬರುತ್ತೆ.

ಈಗ ಡಾಕ್ಟ್ರು ನಾಲಿಗೆ ಚಾಚಿ ಅನ್ನೋದು ಯಾಕೆ? ಎಡಕ್ಕೊಂದು ಬಲಕ್ಕೊಂದು ಇರೋ ಈ ಸ್ನಾಯು ಜೋಡೆತ್ತು ಇದ್ದಂಗೆ, ಎಡಗಡೆ ಎತ್ತು ಸುಸ್ತಾದ್ರೆ ಬಲದ್ದು ಮುಂದೆ ಹೋಗಿ ಗಾಡಿ ಎಡಕ್ಕೆ ವಾಲುತ್ತಲ್ಲ, ಹಂಗೇ ನಾಲಿಗೆನೂ ಸೋತಿರೋ ಪಕ್ಕಕ್ಕೇ ತಿರುಗುತ್ತೆ. ಇದಕ್ಕೆ ಬರೋದು ಹೈಪೋಗ್ಲಾಸಲ್ ನರ, ಮಿದುಳಿಂದ ನೇರ ಬರೋ 12 ಜೊತೆ ನರಗಳಲ್ಲಿ ಕೊನೇದು, ಆ ನರಕ್ಕೆ ಪೆಟ್ಟಾಗಿದ್ರೆ ಯಾವ ಪಕ್ಕ ಅಂತ ನಾಲಿಗೆ ತುದಿನೇ ತೋರ್ಸುತ್ತೆ.

ಆದ್ರೆ ನಾನು ಇಷ್ಟು ದೂರ ಬಂದಿದ್ದು ನಿದ್ದೆ ವಿಷಯ ಹೇಳೋಕೆ. ಎಚ್ಚರ ಇದ್ದಾಗ ಪ್ರತಿ ಸಲ ಉಸಿರು ಒಳಗೆ ಎಳ್ಕೊಳ್ಳೋವಾಗ್ಲೂ ಈ ಸ್ನಾಯು ಚುರುಕಾಗಿ ಬುಡಾನ ಮುಂದಿಟ್ಕೊಳ್ಳುತ್ತೆ, ನಮಗೆ ಗೊತ್ತೇ ಆಗಲ್ಲ. ನಿದ್ದೆ ಬಂದ್ರೆ ಬಿಗಿ ಕಮ್ಮಿ, ಕನಸಿನ ನಿದ್ದೇಲಂತೂ ತೀರಾ ಕಮ್ಮಿ, ಗಂಟಲು ಮೊದಲೇ ಇಕ್ಕಟ್ಟಾಗಿರೋರಿಗೆ ನಾಲಿಗೆ ಹಿಂದೆ ಜಾರಿ ದಾರಿ ಮುಚ್ಚುತ್ತೆ. ನಮ್ಮಪ್ಪ ಗೊರಕೆ ಹೊಡೀತಾ ಹೊಡೀತಾ ಥಟ್ ಅಂತ ನಿಲ್ಸೋರು, ಅಮ್ಮ ಪಕ್ಕದಲ್ಲಿ ಎದ್ದು ಕೂತು ಕಾಯೋರು, ಆಮೇಲೆ ಒಮ್ಮೆಲೇ ಏದುಸಿರು ಬಿಟ್ಟು ಮತ್ತೆ ಶುರು, ನಾವೆಲ್ಲ ಒಳ್ಳೆ ನಿದ್ದೆ ಅಂದ್ಕೊಂಡಿದ್ವಿ. ಅದು ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ಆಗಾಗ ನಿಂತು ನಿಂತು ಬರೋ ಕಾಯಿಲೆ. ಬಿಪಿ ಏರುತ್ತೆ, ಹಗಲೆಲ್ಲ ತೂಕಡಿಕೆ, ಗಾಡಿ ಓಡಿಸೋರಿಗೆ ಅಪಾಯ. ಸೀಪ್ಯಾಪ್ ಮಷೀನ್ ಗಾಳಿ ಒತ್ತಡದಿಂದ ಆ ದಾರಿ ತೆರೆದಿಡುತ್ತೆ, ಎದೆಯೊಳಗೆ ಸಣ್ಣ ಸಾಧನ ಇಟ್ಟು ಇದೇ ನರಕ್ಕೆ ಕರೆಂಟ್ ಕೊಡೋ ಚಿಕಿತ್ಸೆಗೂ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು.

ಇನ್ನೊಂದು. ಫಿಟ್ಸ್ ಬಂದಾಗ ನಾಲಿಗೆ ನುಂಗ್ಬಿಡ್ತಾರೆ ಅಂತ ಬಾಯಿಗೆ ಚಮಚ ತುರುಕ್ತಾರೆ, ಕೈಗೆ ಬೀಗದ ಕೈ ಗೊಂಚಲು ಕೊಡ್ತಾರೆ, ದಯವಿಟ್ಟು ಬೇಡ. ನಾಲಿಗೆಯನ್ನ ನುಂಗೋಕಾಗಲ್ಲ, ದವಡೆಗೆ ಕಟ್ಟಿದೆ ಅಂದ್ನಲ್ಲ. ಅಂಗಾತ ಮಲಗಿದ್ರೆ ಅದು ಹಿಂದೆ ಬೀಳುತ್ತೆ ಅಷ್ಟೇ, ಅದಕ್ಕೇ ಜರ್ಕ್ ನಿಂತ ಕೂಡ್ಲೇ ಒಂದು ಮಗ್ಗುಲಿಗೆ ಹೊರಳಿಸಿ. ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಡಾಕ್ಟ್ರು ಕೆಳದವಡೆಯನ್ನ ಎರಡೂ ಕೈಯಿಂದ ಮುಂದಕ್ಕೆ ಎತ್ತೋದೂ ಇದಕ್ಕೇ, ದವಡೆ ಮುಂದೆ ಬಂದ್ರೆ ಬೀಸಣಿಗೆ ಹಿಡಿ ಬಂತು, ಹಿಡಿ ಬಂದ್ರೆ ನಾಲಿಗೆ ಬುಡಾನೂ ಬಂತು.

ಟೇಬಲ್ ಮೇಲೆ ಸೀಳಿದ ತಲೆಯ ಮಾಡೆಲ್ ಇದೆ, ಹೋಗೋಕೆ ಮುಂಚೆ ಬನ್ನಿ, ದವಡೆ ಒಳಗಿನ ಆ ಗುಬ್ಬಿಯನ್ನ ಬೆರಳಿಟ್ಟು ತೋರಿಸ್ತೀನಿ.