'ಅಲ್ಲಾ' ಎನ್ನುವ ಕ್ಯಾಥೊಲಿಕರು: ಮಾಲ್ಟಾದ ಜನ ಎಲ್ಲಿಂದ ಬಂದರು?

[ಚರ್ಚಿನ ಗಂಟೆ. ಹಳದಿ ಕಲ್ಲಿನ ಮನೆಗಳ ಕಿರಿದಾದ ಬೀದಿ]

ಈ ಚರ್ಚಿನಲ್ಲಿ ಪಾದ್ರಿ ದೇವರನ್ನು ಕರೆಯುವುದು 'ಅಲ್ಲಾ' ಅಂತ. ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸಕ್ಕೆ ಇಲ್ಲಿ 'ರಂದಾನ್' ಅನ್ನುತ್ತಾರೆ. ಹೌದು, ನಮ್ಮ ಕಡೆ ರಂಜಾನ್ ಅನ್ನುತ್ತೇವಲ್ಲ, ಅದೇ ಪದ. ಆದರೆ ಊರಿಗೆ ಊರೇ ಪಕ್ಕಾ ಕ್ಯಾಥೊಲಿಕ್!

[ನಕ್ಷೆ: ಇಟಲಿಯ ಸಿಸಿಲಿ ದ್ವೀಪ, ಅದರ ಕೆಳಗೆ ಮಾಲ್ಟಾ]

ಇಡೀ ದೇಶ 316 ಚದರ ಕಿಲೋಮೀಟರ್. ಬೆಂಗಳೂರಿನ ಅರ್ಧವೂ ಇಲ್ಲ.

'ನಿಮ್ಮ ಪೂರ್ವಿಕರು ಯಾರು?' ಅಂತ ಕೇಳಿದರೆ ಅಲ್ಲಿ ಬಹಳ ಜನ ಫಿನೀಷಿಯನ್ನರ ಹೆಸರು ಹೇಳುತ್ತಾರೆ. ಈಗಿನ ಲೆಬನಾನ್ ಕರಾವಳಿಯ ಹಡಗು ವ್ಯಾಪಾರಿಗಳು ಅವರು. ಕ್ರಿಸ್ತಪೂರ್ವ 8ನೇ ಶತಮಾನದ ಹೊತ್ತಿಗೆ ಇಲ್ಲಿಗೆ ಬಂದಿದ್ದು ನಿಜ. ಆಮೇಲೆ, ಸುಮಾರು ಕ್ರಿ.ಶ. 60ರಲ್ಲಿ, ಕ್ರೈಸ್ತ ಧರ್ಮ ಸಾರುತ್ತಿದ್ದ ಸಂತ ಪೌಲನ ಹಡಗು ಒಡೆದು ಅವನು ಇಲ್ಲೇ ದಡ ಸೇರಿದ. ಅವತ್ತಿನಿಂದ ನಾವು ಕ್ರೈಸ್ತರೇ, ನಡುವೆ ಬಿಟ್ಟುಹೋಗಿಲ್ಲ ಅನ್ನುತ್ತದೆ ಈ ಕಥೆ. ಕೇಳಲು ಚೆನ್ನಾಗಿದೆ. ಆದರೆ ಅವರ ಮಾಲ್ಟೀಸ್ ಭಾಷೆಯೇ ಇದನ್ನು ಒಪ್ಪುವುದಿಲ್ಲ.

[ಪರದೆಯ ಮೇಲೆ: ವೀಹೆದ್, ತ್ನೇಯ್ನ್, ತ್ಲೀತಾ]

ಒಂದು, ಎರಡು, ಮೂರು. ಅರಬ್ಬಿ ಬಲ್ಲವರಿಗೆ ತಕ್ಷಣ ಗೊತ್ತಾಗುತ್ತದೆ. ಪುಸ್ತಕಕ್ಕೆ 'ಕ್ತೀಬ್', ಲೋಕಕ್ಕೆ 'ದಿನ್ಯಾ'. ನಮ್ಮ ಕಿತಾಬು, ದುನಿಯಾ ಇದ್ದ ಹಾಗೇ ಇವೆ, ಅಲ್ವಾ? ನಾವು ಸುಮ್ನೆ ಪದಗಳನ್ನು ಎರವಲು ಪಡೆದೆವು. ಅವರಿಗೆ ಬಂದಿದ್ದು ವ್ಯಾಕರಣದ ಸಮೇತ.

870ರಲ್ಲಿ ಉತ್ತರ ಆಫ್ರಿಕಾದ ಅರಬ್ಬರು ಮಾಲ್ಟಾ ಗೆದ್ದರು. ಆಮೇಲೆ ದ್ವೀಪ ಪಾಳು ಬಿತ್ತು, 1048ರ ಸುಮಾರಿಗೆ ಸಿಸಿಲಿಯ ಮುಸ್ಲಿಮರು ಬಂದು ನೆಲೆಸಿದರು ಅಂತ ಅಲ್-ಹಿಮ್ಯಾರಿ ಎಂಬ ಅರಬ್ ಲೇಖಕ ಬರೆದಿದ್ದಾನೆ. ಪೂರ್ತಿ ಪಾಳು ಬಿದ್ದಿತ್ತು ಅನ್ನುವುದನ್ನು ಕೆಲವು ಪುರಾತತ್ವಜ್ಞರು ನಂಬುವುದಿಲ್ಲ. ಆದರೆ ಇವತ್ತಿನ ಮಾಲ್ಟೀಸ್ ಹುಟ್ಟಿದ್ದು ಸಿಸಿಲಿಯ ಅರಬ್ಬಿಯಿಂದ, ಫಿನೀಷಿಯನ್‌ನಿಂದ ಅಲ್ಲ. ಇದರಲ್ಲಿ ಭಾಷಾತಜ್ಞರಿಗೆ ಗೊಂದಲವಿಲ್ಲ.

[ಅಮೃತಶಿಲೆಯ ಫಲಕ, ಹತ್ತಿರದಿಂದ]

ನನಗೆ ಎಲ್ಲಕ್ಕಿಂತ ಇಷ್ಟ ಈ ಕಲ್ಲು. ಮೈಮೂನಾ ಎಂಬ ಹುಡುಗಿಯ ಸಮಾಧಿಯದು, ಈಗ ಮಾಲ್ಟಾಕ್ಕೇ ಸೇರಿದ ಗೋಜೋ ದ್ವೀಪದ ಮ್ಯೂಸಿಯಂನಲ್ಲಿದೆ. ಇಸವಿ 1174. ಉತ್ತರ ಫ್ರಾನ್ಸ್ ಮೂಲದ ನಾರ್ಮನ್ ಕ್ರೈಸ್ತರು ಮಾಲ್ಟಾಕ್ಕೆ ಬಂದಿದ್ದು 1091ರಲ್ಲಿ. ಅಂದರೆ 83 ವರ್ಷ ಆದಮೇಲೂ ಅರಬ್ಬಿಯಲ್ಲೇ ಕೆತ್ತನೆ! ಕಲ್ಲನ್ನು ತಿರುಗಿಸಿದರೆ ಹಿಂದೆ ರೋಮನ್ ಕಾಲದ ಕೆತ್ತನೆ ಇದೆ. ಹಳೆಯ ಕಲ್ಲನ್ನೇ ಮತ್ತೆ ಬಳಸಿದ್ದಾರೆ.

13ನೇ ಶತಮಾನದಲ್ಲಿ ಮುಸ್ಲಿಮರನ್ನು ಹೊರಹಾಕಿದರು. ಉಳಿದವರು ಮತ ಬದಲಿಸಿದರು, ಮಾತು ಬದಲಿಸಲಿಲ್ಲ.

ರಕ್ತದ ಕಥೆ ಬೇರೆ. ಮಾಲ್ಟಾದ ಗಂಡಸರ ಡಿಎನ್‌ಎ ನೋಡಿದ ಒಂದು ಅಧ್ಯಯನಕ್ಕೆ ಜಾಸ್ತಿ ಹತ್ತಿರ ಕಂಡಿದ್ದು ಸಿಸಿಲಿ ಮತ್ತು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ. ಜನ ಬರುತ್ತಲೇ ಇದ್ದರು, ಹೋಗುತ್ತಲೂ ಇದ್ದರು. 1551ರಲ್ಲಿ ಒಟ್ಟೋಮನ್ ದಾಳಿಕೋರರು ಗೋಜೋದಿಂದ ಸುಮಾರು 5,000 ಜನರನ್ನು ಗುಲಾಮರಾಗಿ ಹೊತ್ತೊಯ್ದರು. ದ್ವೀಪ ಹೆಚ್ಚುಕಡಿಮೆ ಖಾಲಿ.

ಬ್ರಿಟಿಷರ ಕಾಲದಲ್ಲೂ ಕೋರ್ಟಿನಲ್ಲಿ ಇಟಾಲಿಯನ್. ಮಾಲ್ಟೀಸ್ ಅಂದರೆ ಅಡುಗೆಮನೆಯ ಮಾತು ಅಂತ ಓದಿದವರ ತಾತ್ಸಾರ. 1934ರಲ್ಲಿ ಅದು ಅಧಿಕೃತ ಭಾಷೆಯಾಯಿತು, 2004ರಲ್ಲಿ ಯುರೋಪಿಯನ್ ಒಕ್ಕೂಟದಲ್ಲೂ.

ಅಂದಹಾಗೆ, ಥ್ಯಾಂಕ್ಸ್‌ಗೆ ಅವರು ಇಟಾಲಿಯನ್ ಪದವನ್ನೇ ಹಿಡಿದಿದ್ದಾರೆ. ಗ್ರಾತ್ಸಿ, ಮುಂದಿನ ವಿಡಿಯೋದಲ್ಲಿ ಸಿಗೋಣ.